ಹಿಮದ ಗಾಡಿಗೆ ಹಾಕಿದ ಅಕ್ಷತೆ

ನನಗಾಗ ಐವತ್ತೇಳು. ಇದು ನಡೆದು ಹದಿನೆಂಟು ವರ್ಷವಾಯಿತು. ದೆಹಲಿಯ ಪೀತಮ್‌ಪುರದಲ್ಲಿ ನಮ್ಮದು ನೆಲಮಹಡಿಯ ಫ್ಲಾಟು. ಮುಂದುಗಡೆ ತಗಡು ಹೊದಿಸಿದ ಸ್ವಲ್ಪ ಜಾಗವಿತ್ತು. ನಮ್ಮವರು ಸರ್ಕಾರಿ ಕಚೇರಿಯಲ್ಲಿ ಕಾರು ಓಡಿಸುತ್ತಿದ್ದರು. ಕಚೇರಿಯ ಕಾರನ್ನು ಒಮ್ಮೊಮ್ಮೆ ಮನೆಗೆ ತಂದಾಗ ಅಲ್ಲಿ ನಿಲ್ಲಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗಳು, ಅಳಿಯ ಬಂದು ನನ್ನ ಜೊತೆಗೇ ಉಳಿದರು. ಒಬ್ಬಳೇ ಇರಬೇಡ ಎಂದು ಬಂದವರು. ನಾನೇನೂ ಕರೆದಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಅಳಿಯ ಹಿಮಾಚಲದವನು, ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಗಳೇ ಆರಿಸಿಕೊಂಡ ಗಂಡು. ನನಗೆ ಇಷ್ಟವಿರಲಿಲ್ಲ. ಯಾಕೆ ಎಂದು ಕೇಳಿದರೆ ಹೇಳಲು ಒಂದು ಕಾರಣವೂ ಇರಲಿಲ್ಲ. ಕುಡಿಯುವವನಲ್ಲ, ಕೂಗಾಡುವವನಲ್ಲ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ನನ್ನ ತಾಯಿ ನಮ್ಮವರ ಹತ್ತಿರ ಕೊನೆಯವರೆಗೂ ಬಾಗಿಲ ಮರೆಯಿಂದಲೇ ಮಾತಾಡಿದಳು. ಆ ರೂಢಿ ದೆಹಲಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನನಗೆ ಬೇಕಾಯಿತು. ಅದರ ಹಿಂದೆ ನಿಂತುಕೊಂಡೆ. ಅವನು ಎದುರಿಗೇ ಕೂತಿದ್ದರೂ ಮಗಳಿಗೆ ಹೇಳುತ್ತಿದ್ದೆ, "ಅವರಿಗೆ ಊಟಕ್ಕೆ ಏಳೋದಕ್ಕೆ ಹೇಳು." ಅವನೂ ಮಗಳ ಕಡೆ ತಿರುಗಿ, "ಮಾಜೀ ಸೇ ಕಹೋ, ಕೈ ತೊಳೆದು ಬಂದೆ" ಎಂದು ನನಗೆ ದಾಟಿಸಲು ಹಿಂದಿಯಲ್ಲಿ ಹೇಳುತ್ತಿದ್ದ. ನನಗೆ ಹಿಂದಿ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ತರಕಾರಿ ಭಯ್ಯಾನ ಜೊತೆ ದಿನಾ ಜಗಳವಾಡುತ್ತಿದ್ದವಳು ನಾನು.

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದು ಮಗಳು ಇಬ್ಬರ ಮೇಲೂ ರೇಗುತ್ತಿದ್ದಳು. ಐದು ವರ್ಷ ಹೀಗೇ ನಡೆಯಿತು.

ಇವತ್ತು ಬರೆಯುವಾಗ ಅವನು, ಇವನು ಎನ್ನುತ್ತಿದ್ದೇನೆ. ಆಗ ಬಾಯಿ ತುಂಬ ಅವರು, ಇವರು. ಅದು ಮರ್ಯಾದೆಯಲ್ಲ, ದೂರ ಇಡುವ ಉಪಾಯ.

ಆ ವರ್ಷ ಬೇಸಿಗೆಗೆ ಮುಂಚೆ ಒಂದು ಟ್ರಕ್ಕು ಬಂದು ನಮ್ಮ ಮನೆ ಮುಂದೆ ಅದನ್ನು ಇಳಿಸಿ ಹೋಯಿತು. ಮುಂದುಗಡೆ ಚಕ್ರವಿಲ್ಲ, ಎರಡು ಜಾರುಹಲಗೆ. ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಅದರ ತುಂಬ ಹಲ್ಲು. ಮೂತಿ ಮೀನಿನ ಹಾಗೆ. ಮೇಲಿನ ಮನೆಯ ಪಂಜಾಬಿ ಹೆಂಗಸು ಬಾಲ್ಕನಿಯಿಂದ ಬಗ್ಗಿ, "ಬೆಹನ್‌ಜೀ, ಯಮುನೆ ದಾಟೋಕೆ ದೋಣಿ ತರಿಸಿದಿರಾ?" ಎಂದಳು. ಹಿಮದ ಮೇಲೆ ಓಡುವ ಸ್ಕೂಟರ್ ಅದು ಎಂದು ಮಗಳು ಹೇಳಿದಾಗ ಆಕೆ ನಕ್ಕಿದ್ದು ಹಿಂದಿನ ಬೀದಿಗೂ ಕೇಳಿರಬೇಕು. ನನಗೆ ನಾಚಿಕೆಯಾಯಿತು. ನೆರಳಿನಲ್ಲಿ ಕೂತರೂ ಬೆನ್ನು ಬೇಯುವ ಊರಿಗೆ ಹಿಮದ ಗಾಡಿ.

ಅಳಿಯನ ಊರ ಕಡೆ, ಮರಗಳೂ ಬೆಳೆಯದಷ್ಟು ಎತ್ತರದಲ್ಲಿ, ಚಳಿಗಾಲದಲ್ಲಿ ಪ್ರವಾಸಿಗರನ್ನು ಹಿಮದಲ್ಲಿ ಸುತ್ತಾಡಿಸುವ ಒಬ್ಬ ಹೋಟೆಲಿನವನಿದ್ದ. ಗಾಡಿ ಅವನದು. ಫೋರ್ ಸ್ಟ್ರೋಕ್ ಎಂಜಿನ್ನು, ಗಟ್ಟಿ, ಹೊಗೆ ಕಡಿಮೆ, ಆದರೆ ವಿಪರೀತ ಭಾರ. ಸಮತಟ್ಟಿನಲ್ಲಿ ಓಡುತ್ತಿತ್ತು. ಮೇಲಿನ ಇಳಿಜಾರು ಹತ್ತಿಸಿದರೆ ಅರ್ಧಕ್ಕೇ ಏದುಸಿರು ಬಿಟ್ಟು ಹಿಮದಲ್ಲಿ ಹೂತು ನಿಂತುಬಿಡುತ್ತಿತ್ತು. ಇದನ್ನು ಬೆಟ್ಟದ ನೆತ್ತಿಯ ಏಣಿನವರೆಗೆ ಹತ್ತಿಸಿ ತೋರಿಸುತ್ತೇನೆ ಎಂದು ಅಳಿಯ ಮಾತು ಕೊಟ್ಟಿದ್ದ. ಹತ್ತಿಸಿದರೆ ಅಲ್ಲಿಯ ಗಾಡಿಗಳ ಕೆಲಸವೆಲ್ಲ ಅವನಿಗೆ, ಜೊತೆಗೆ ಒಂದು ವರ್ಕ್‌ಶಾಪು, ಅದರ ಮೇಲೆ ಇರಲು ಮನೆ. ಗ್ಯಾರೇಜಿನಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಯುವುದು ತಪ್ಪಿ, ತನ್ನ ಊರಿನಲ್ಲಿ ತನ್ನದೇ ಅಂಗಡಿ.

ಅಂದರೆ ಮಗಳೂ ಹೋಗುತ್ತಾಳೆ. ಇದನ್ನು ಯಾರೂ ನನಗೆ ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ.

ಬೇಸಿಗೆಯಿಡೀ ಅವನು ರಜೆ ದಿನಗಳಲ್ಲಿ ಆ ಗಾಡಿಯ ಕೆಳಗೇ ಇದ್ದ. ಮೊದಲು ಭಾರ ಇಳಿಸಿದ. ದಪ್ಪ ಸೀಟು ಹೋಯಿತು, ಹೊಗೆ ಕೊಳವೆಯ ದೊಡ್ಡ ಡಬ್ಬಿ ಹೋಯಿತು, ಕಬ್ಬಿಣ ಇದ್ದಲ್ಲೆಲ್ಲ ಅಲ್ಯೂಮಿನಿಯಂ ಬಂತು. ರಬ್ಬರ್ ಪಟ್ಟಿ ಬದಲಾಯಿತು. ಹೊಸದು ಉದ್ದ ಜಾಸ್ತಿ, ಹಲ್ಲು ಬೆರಳುದ್ದ, ಹಿಮವನ್ನು ಅಗೆದು ಹಿಡಿಯುವುದಕ್ಕೆ. ಆಮೇಲೆ ಮಾಯಾಪುರಿಯ ಗುಜರಿಯಿಂದ ಒಂದು ಟರ್ಬೊ ತಂದ, ಯಾವುದೋ ಸಣ್ಣ ಡೀಸೆಲ್ ಕಾರಿನದು. ಬಸವನಹುಳುವಿನ ಚಿಪ್ಪಿನಂತಿತ್ತು.

"ಅದೇನು ಮಾಡತ್ತೆ?" ಎಂದು ಮಗಳನ್ನು ಕೇಳಿದೆ.

"ಅಮ್ಮಾ, ಮೇಲೆ ಗಾಳಿ ತೆಳು. ಎಂಜಿನ್‌ಗೆ ಉಸಿರು ಸಾಲಲ್ಲ. ಇದು ಗಾಳೀನ ಒತ್ತಿ ಒಳಗೆ ತುಂಬತ್ತೆ."

"ಊದುಗೊಳವೆ ಅನ್ನು."

ಮಗಳು ಅದನ್ನು ಅವನಿಗೆ ಹಿಂದಿಯಲ್ಲಿ ಹೇಳಿದಳು. ಅವನು ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ನಕ್ಕ. ನಾನು ಒಳಗೆ ಹೋದೆ.

ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕಂತೆ, ಇಲ್ಲದಿದ್ದರೆ ಪಿಸ್ಟನ್ ಸುಟ್ಟುಹೋಗುತ್ತದಂತೆ. ಅದಕ್ಕೆ ದೊಡ್ಡ ಇಂಜೆಕ್ಟರ್ ಹಾಕಿದ. ಕ್ಲಚ್ಚಿನೊಳಗೆ ಸಣ್ಣ ಸಣ್ಣ ತೂಕದ ತುಂಡುಗಳಿದ್ದವು. ಅವನ್ನು ಅರದಿಂದ ಉಜ್ಜಿ, ಅಕ್ಕಸಾಲಿಗನ ತಕ್ಕಡಿ ಬೇಡಿ ತಂದು ತೂಗಿ, ಮತ್ತೆ ಉಜ್ಜಿದ. ಓಡಿಸಿ ನೋಡುವುದಕ್ಕೆ ಊರಿನಲ್ಲಿ ಹಿಮ ಎಲ್ಲಿದೆ? ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಪಟ್ಟಿ ಗಾಳಿಯಲ್ಲಿ ತಿರುಗುವಂತೆ ಮಾಡಿದ. ಪಟ್ಟಿ ಮೇಲಕ್ಕೆ ಎರಚುವ ಹಿಮದಿಂದಲೇ ಆ ಎಂಜಿನ್ನು ತಣ್ಣಗಾಗಬೇಕು, ಹಿಮವಿಲ್ಲದಿದ್ದರೆ ಕುದಿಯುತ್ತದೆ. ಆದ್ದರಿಂದ ಮಂಜುಗಡ್ಡೆಯವನು ಗೋಣಿ ಹೊದಿಸಿದ ದೊಡ್ಡ ಗಡ್ಡೆಗಳನ್ನು ರಿಕ್ಷಾದಲ್ಲಿ ತಂದು ಹಾಕುತ್ತಿದ್ದ. ಅಳಿಯ ಒಡೆದು ಒಳಗೆ ತುರುಕುತ್ತಿದ್ದ. ಬೀದಿಯ ಜನ ಸುತ್ತ ನಿಂತು ನೋಡುತ್ತಿದ್ದರು. ಮೇಲಿನ ಮನೆಯಾಕೆ ಶರಬತ್ತಿಗೆಂದು ಒಂದು ತುಂಡು ಎತ್ತಿಕೊಂಡು ಹೋಗುತ್ತಿದ್ದಳು.

ಎಂಜಿನ್ನಿನ ಜೋರು ಏರಿದಾಗ ಟರ್ಬೊ ಕುಕ್ಕರ್ ಸೀಟಿ ಹಾಕುವ ಮುಂಚಿನ ಹಾಗೆ ಸಣ್ಣಗೆ ಶಿಳ್ಳೆ ಹಾಕುತ್ತಿತ್ತು. ದಿನ ಕಳೆದಂತೆ ಆ ಶಿಳ್ಳೆ ಏರಿತು. ಅಡಿಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಅದು ಏರಿದಷ್ಟೂ ಮಗಳು ದೂರ ಹೋಗುತ್ತಾಳೆ ಎನಿಸುತ್ತಿತ್ತು. ಏನಾದರೂ ಕೆಟ್ಟರೆ ಚೆನ್ನಾಗಿತ್ತು ಎಂದು ಒಂದೆರಡು ಸಲ ಅಂದುಕೊಂಡದ್ದೂ ಉಂಟು. ಕೆಟ್ಟ ಬಯಕೆ ಎಂದು ಗೊತ್ತಿತ್ತು. ಬೇಳೆಗೆ ಒಗ್ಗರಣೆ ಹಾಕುತ್ತಲೇ ಬಯಸಿದೆ.

ನವರಾತ್ರಿ ಬಂತು. ಕೆಲಸ ಮುಗಿದಿತ್ತು. ಆಜಾದ್‌ಪುರ ಮಂಡಿಗೆ ಸೇಬು ತಂದ ಟ್ರಕ್ಕೊಂದು ದಶಮಿಯ ಮಧ್ಯಾಹ್ನ ಖಾಲಿ ಹಿಂದಿರುಗುವುದಿತ್ತು. ಅದರಲ್ಲಿ ಗಾಡಿಯನ್ನೂ ಅವನನ್ನೂ ಕಳಿಸುವುದೆಂದು ಗೊತ್ತಾಗಿತ್ತು. ಸೇಬಿನ ಕಾಲ ಮುಗಿಯುತ್ತ ಬಂದಿತ್ತು. ಅದು ತಪ್ಪಿದರೆ ಇನ್ನೊಂದು ಟ್ರಕ್ಕು ಯಾವಾಗಲೋ. ತಡವಾದರೆ ಬೇರೆ ಯಾರಿಗಾದರೂ ಕೊಡುತ್ತೇನೆ ಎಂದು ಹೋಟೆಲಿನವನು ಆಗಲೇ ಎರಡು ಸಲ ಫೋನ್ ಮಾಡಿದ್ದ.

ನವಮಿಯ ಬೆಳಿಗ್ಗೆ ನಾನೇ ಮಗಳಿಗೆ ಅಂದೆ, "ಆಯುಧಪೂಜೆ. ಆ ಗಾಡಿಗೆ ಪೂಜೆ ಮಾಡಬೇಕು."

ಮಗಳು ಬೆರಗಾದಳು. "ಇಷ್ಟು ದಿನ ಅದನ್ನ ಪೀಡೆ ಅಂತಿದ್ದೆ?"

"ಪೀಡೆಗೂ ಒಂದು ಪೂಜೆ ಮಾಡಿದ್ರೆ ಏನೂ ಹೋಗಲ್ಲ. ಅವರ ಪಾನಾ, ಸುತ್ತಿಗೆ ಎಲ್ಲ ತೊಳೆದು ತರೋದಕ್ಕೆ ಹೇಳು."

ನಮ್ಮವರು ಇದ್ದಾಗ ಕಚೇರಿಯ ಕಾರಿಗೆ ವರ್ಷ ವರ್ಷ ನಮ್ಮ ಕಡೆಯ ರೀತಿಯಲ್ಲೇ ಪೂಜೆ ಮಾಡುತ್ತಿದ್ದರು. ಎಂಜಿನ್ನು ಚಾಲೂ ಮಾಡಿ, ಜೋರು ಏರಿಸಿ, ಮೂತಿಗೆ ಅಕ್ಷತೆ ಹಾಕಿ, ಬೂದುಗುಂಬಳ ಒಡೆಯುವುದು. ನಿಂತ ಎಂಜಿನ್ನಿಗೆ ಪೂಜೆ ಮಾಡುವುದು ಮಲಗಿದವನಿಗೆ ಊಟ ಬಡಿಸಿದ ಹಾಗೆ ಎನ್ನುತ್ತಿದ್ದರು. ಅವರು ಹೋದ ಮೇಲೆ ಆ ಜಾಗದಲ್ಲಿ ಪೂಜೆ ನಡೆದಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಎದ್ದೆ ಎಂದುಕೊಂಡಿದ್ದೇನೆ. ಖಾತ್ರಿಯಾಗಿ ಹೇಳಲಾರೆ. ಕುಂಬಳ ತರಲು ಹೋದರೆ ತರಕಾರಿ ಭಯ್ಯಾ, "ಮಾತಾಜೀ, ಪೇಠಾ ಮಿಠಾಯಿ ಮಾಡ್ತೀರಾ?" ಎಂದ. "ಇಲ್ಲ, ಒಡೀತೀನಿ" ಎಂದೆ. ಅವನು ಅರ್ಥವಾಗದೆ ಒಂದು ನಿಂಬೆಹಣ್ಣು ಪುಕ್ಕಟೆ ಕೊಟ್ಟ.

ಹಲಗೆಯ ಮೇಲೆ ಕೆಂಪು ಬಟ್ಟೆ ಹಾಸಿ ನಟ್ಟು ಬಿಚ್ಚುವ ಅವನ ಪಾನಾಗಳನ್ನೆಲ್ಲ ಸಾಲಾಗಿ ಇಟ್ಟೆವು. ಕುಂಕುಮ ಹಚ್ಚುವುದು, ಆರತಿ ಮಗಳ ಕೈಯಿಂದ. ವಿಧವೆ ನಾನು, ಅಕ್ಷತೆ ಮಾತ್ರ ಹಾಕುವುದು ಎಂದು ನಾನೇ ಗೊತ್ತುಮಾಡಿದ್ದೆ. ಗಾಡಿಯ ಮೂತಿಯಲ್ಲಿ ಗಾಳಿ ಎಳೆದುಕೊಳ್ಳುವ ಬಾಯೊಂದಿತ್ತು. ಅದಕ್ಕೆ ತೊಡಿಸುವ ಜಾಲರಿ ದೂಳಾಗಿದೆಯೆಂದು ಅವನು ಅವತ್ತು ತೊಳೆದು ನನ್ನ ಸೀರೆಯ ಪಕ್ಕದಲ್ಲಿ ಒಣಗಿ ಹಾಕಿದ್ದ. ಅವನು ಗಾಡಿಯ ಮೇಲೆ ಕೂತು ಮಗಳಿಗೆ ಹೇಳಿದ, ಮುಂದಿನ ಬಾಯಿಯ ಹತ್ತಿರ ಏನೂ ಹಾಕಬಾರದೆಂದು ಮಾಜೀಗೆ ಹೇಳು ಎಂದು. ಇದು ಆಮೇಲೆ ತಿಳಿದದ್ದು. ನಾನು ಆಗ ಕುಂಬಳಕ್ಕೆ ಅರಿಶಿನ ಹಚ್ಚುತ್ತಿದ್ದೆ, ಕಿವಿಗೆ ಬೀಳಲಿಲ್ಲ. ಮಗಳು ನನ್ನ ಕಡೆ ತಿರುಗುವಷ್ಟರಲ್ಲಿ, "ಬೆಂಕಿಪೊಟ್ಟಣ ಎಲ್ಲೇ? ಓಡು" ಎಂದು ಅವಳನ್ನು ಒಳಗೆ ಅಟ್ಟಿದೆ.

ಉಳಿದವರು ನಾವಿಬ್ಬರೇ. ಮಾತು ದಾಟಿಸುವವರು ಯಾರೂ ಇರಲಿಲ್ಲ. ಚಾಲೂ ಮಾಡು ಎಂದು ಕೈಯಲ್ಲಿ ತೋರಿಸಿದೆ. ಮಾಡಿದ. ಜೋರು ಎಂದು ಮತ್ತೆ ಕೈ ಎತ್ತಿದೆ. ಏರಿಸಿದ. ಶಿಳ್ಳೆ ಹಿಡಿಯಿತು. ಅವನು ಎಂಜಿನ್ನಿನ ಜೋರು ತೋರಿಸುವ ಮೀಟರಿನ ಮುಳ್ಳು ನೋಡುತ್ತಿದ್ದ. ನಾನು ಕಣ್ಣು ಮುಚ್ಚಿ, ಒಂದು ಹಿಡಿ ಅಕ್ಷತೆಯನ್ನು ಮೂತಿಗೆ ಎಸೆದೆ.

ಗಾಡಿ ಅದನ್ನು ನುಂಗಿತು. ಶಿಳ್ಳೆ ಒಡೆದು ಕರಕರ ಎಂದಿತು. ಮಿಕ್ಸಿಗೆ ಚಮಚ ಬಿದ್ದಾಗ ಬರುವ ಸದ್ದು.

ಅವನು ತಟ್ಟನೆ ಆರಿಸಿದ. ಮಗಳು ಬೆಂಕಿಪೊಟ್ಟಣ ಹಿಡಿದು ಬಂದಳು.

"ಏನು ಹಾಕಿದೆ?"

"ಅಕ್ಷತೆ."

"ಎಲ್ಲಿಗೆ?"

"ಬಾಯಿಗೆ. ಇನ್ನೆಲ್ಲಿಗೆ ಹಾಕ್ತಾರೆ?"

ಅವಳು ಹಣೆ ಚಚ್ಚಿಕೊಂಡಳು. ಅವನು ಕೆಳಗಿಳಿದು ಬಾಯಿಯೊಳಗೆ ಬೆರಳು ಹಾಕಿದ. ಎರಡು ಹಳದಿ ಕಾಳು ಈಚೆ ಬಂದವು. ಟರ್ಬೊ ಒಳಗಿನ ಚಕ್ರದ ಅಂಚು ಬಾಗಿದೆ ಎಂದ. ಕಾಳೋ ಚೂರೋ ಎಂಜಿನ್ನಿನೊಳಗೆ ಹೋಗಿದ್ದರೆ ಇನ್ನೂ ಕಷ್ಟ, ಕೊಳವೆಗಳನ್ನೆಲ್ಲ ಈಗಲೇ ಬಿಚ್ಚಿ ನೋಡಬೇಕು ಎಂದ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆ.

ಪಾನಾಕ್ಕೆ ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ. ಪಾನಾಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಕೆಂಪು ಬಟ್ಟೆಯ ಮೇಲಿದ್ದವು. ಮಗಳ ಮುಖ ನೋಡಿದ.

"ಅಮ್ಮಾ, ಪಾನಾ ತಗೋಬಹುದಾ ಅಂತ."

ನವಮಿಗೆ ಪೂಜೆಗಿಟ್ಟ ಆಯುಧವನ್ನು ದಶಮಿಯ ದಿನ ವಿಸರ್ಜನೆ ಮಾಡಿ ಎತ್ತಬೇಕು. ನಡುವೆ ಮುಟ್ಟುವುದಿಲ್ಲ. ಆದರೆ ಒಂದು ವರ್ಷ ಆಯುಧಪೂಜೆಯ ದಿನವೇ ಸಾಹೇಬರ ಕಾರು ಕೆಟ್ಟಾಗ ನಮ್ಮವರು ಹಲಗೆಗೆ ಕೈಮುಗಿದು ಪಾನಾ ತೆಗೆದುಕೊಂಡು ಹೋಗಿ, ಕೆಲಸ ಮುಗಿಸಿ ತಂದು ಮತ್ತೆ ಕುಂಕುಮ ಹಚ್ಚಿ ಇಟ್ಟಿದ್ದರು. ದೇವರಿಗೆ ನಮ್ಮ ಹೊಟ್ಟೆಪಾಡು ಗೊತ್ತು ಎಂದಿದ್ದರು. ಅದು ನನಗೆ ನೆನಪಿತ್ತು. ಅದರಲ್ಲಿ ಒಂದನ್ನೂ ಮರೆತಿರಲಿಲ್ಲ.

"ಇವತ್ತು ಮುಟ್ಟೋ ಹಾಗಿಲ್ಲ. ನಾಳೆ ಅಂತ ಹೇಳು" ಎಂದೆ.

ಅಕ್ಕಿ ಕೈತಪ್ಪು. ಇದು ಕೈತಪ್ಪಲ್ಲ. ಶಿಳ್ಳೆ ನಿಂತಾಗ ಎದೆ ಧಸಕ್ಕೆಂದದ್ದು ನಿಜ. ಅದರ ಹಿಂದೆಯೇ, ಸದ್ಯ ಹೋಗುವುದಿಲ್ಲ ಎಂದು ಒಂದು ಸಮಾಧಾನ ಬಂತಲ್ಲ, ಅದೂ ನಿಜ. ಆ ಸಮಾಧಾನವೇ ನನ್ನ ಬಾಯಲ್ಲಿ ಶಾಸ್ತ್ರ ಆಡಿತು.

ಮಗಳು ಹೇಳಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹಲಗೆಗೆ ಒಂದು ನಮಸ್ಕಾರ ಮಾಡಿ ಕೈ ತೊಳೆಯಲು ಹೋದ. ಒಡೆಯದ ಕುಂಬಳ ಹಾಗೇ ಉಳಿಯಿತು.

ಅಡಿಗೆಮನೆಗೆ ಮಗಳು ಹಿಂದೆಯೇ ಬಂದಳು. "ಬೇಕು ಅಂತ ಮಾಡಿದ್ಯಾ?"

"ಅಕ್ಷತೆ ಬೇಕು ಅಂತ ಹಾಕ್ಲಿಲ್ಲ."

"ಮತ್ತೆ ಪಾನಾ?"

ಗ್ಯಾಸು ಸಣ್ಣ ಮಾಡಿದೆ. ಮಾಡಬೇಕಾಗಿರಲಿಲ್ಲ, ಆಗಲೇ ಸಣ್ಣಗಿತ್ತು. "ರಹನೇ ದೋ, ಬಿಡು" ಎಂದು ಅವಳು ಹೋದಳು.

ಪ್ರಸಾದಕ್ಕೆಂದು ಮೇಲಿನ ಮನೆಯಾಕೆ ಬಂದಳು. ಸಂಗತಿ ಅವಳಿಗೆ ಬಾಲ್ಕನಿಯಿಂದಲೇ ತಿಳಿದಿತ್ತು. ಕೋಸಂಬರಿ ಬಾಯಿಗೆ ಹಾಕಿಕೊಂಡು, "ಅಚ್ಛಾ ಹುವಾ ಬೆಹನ್‌ಜೀ! ಒಳ್ಳೇದೇ ಆಯ್ತು ಬಿಡಿ. ಮಗಳು ಇಲ್ಲೇ ಉಳೀತಾಳೆ. ಆ ಬೆಟ್ಟದಲ್ಲಿ ಏನಿದೆ, ಕರಡಿ" ಎಂದಳು. ನನ್ನ ಮನಸ್ಸಿನಲ್ಲಿದ್ದದ್ದನ್ನೇ ಆಡಿದ್ದಳು. ಅವಳ ಬಾಯಲ್ಲಿ ಕೇಳಿದಾಗ ಎಷ್ಟು ಹೊಲಸಾಗಿತ್ತೆಂದರೆ, ಕೋಸಂಬರಿಯ ಬಟ್ಟಲು ಕಿತ್ತುಕೊಳ್ಳಬೇಕು ಎನಿಸಿತು. ಇನ್ನೊಂದು ಸೌಟು ಬಡಿಸಿದೆ.

ಸಂಜೆ ಅವನು ಎಂದಿನಂತೆ ಊಟಕ್ಕೆ ಕೂತ. ಚಿತ್ರಾನ್ನ ತಟ್ಟೆಯಲ್ಲಿ ಒಂದಗುಳೂ ಬಿಡದೆ ತಿಂದ. ಅರಿಶಿನದ ಆ ಅನ್ನವನ್ನು ನಾನು ತಟ್ಟೆಯ ಅಂಚಿಗೆ ಸರಿಸಿದೆ. "ಮಾಜೀ ಸೇ ಕಹೋ, ಅಚ್ಛಾ ಬನಾ ಹೈ" ಎಂದು ಮಗಳಿಗೆ ಹೇಳಿ ಅಡಿಗೆ ಹೊಗಳಿದ. ಮಗಳು ದಾಟಿಸಲಿಲ್ಲ.

ಈಗ ಮಗಳು ಬೆಟ್ಟದಿಂದ ಫೋನ್ ಮಾಡುತ್ತಾಳೆ. ಹಿಂದಿನಿಂದ ಎಂಜಿನ್ನುಗಳ ಸದ್ದು ಕೇಳುತ್ತದೆ. ಗಾಡಿ ಆ ಚಳಿಗಾಲ ಮೇಲಿನ ಏಣು ಹತ್ತಿತು. ಅದನ್ನು ಅವಳು ನಗುತ್ತ, ಅಕ್ಷತೆ ತಿಂದ ಗಾಡಿ ಎಂದು ಅಲ್ಲಿಯ ಜನರಿಗೆಲ್ಲ ಹೇಳಿದ್ದಾಳಂತೆ. ಪಾನಾದ ಮಾತು ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಕಾಳು ತಮಾಷೆಯಾಗಿದೆ. ಪಾನಾ ಆಗಿಲ್ಲ.

ಆ ನವಮಿಯ ಮಾರನೆಯ ಬೆಳಿಗ್ಗೆ ಸ್ನಾನಕ್ಕೂ ಮುಂಚೆ ಹೊರಗೆ ಬಂದೆ. ಆರತಿ ಇಲ್ಲ, ಮಂತ್ರವಿಲ್ಲ. ಹಲಗೆಯ ಮುಂದೆ ಕೂತು ಒಂದೊಂದೇ ಪಾನಾ ಎತ್ತಿ ಸೆರಗಿನಲ್ಲಿ ಕುಂಕುಮ ಒರೆಸಿದೆ. ಅವನು ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತಿದ್ದ. ಹತ್ತಿರ ಹೋಗಿ, "ಸುನೋ" ಎಂದೆ. ನಾನು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವನು ನನ್ನ ಬೆನ್ನ ಹಿಂದೆ ಮಗಳಿದ್ದಾಳೆಯೇ ಎಂದು ನೋಡಿದ. ಅವಳು ಇನ್ನೂ ಎದ್ದಿರಲಿಲ್ಲ.

ಪಾನಾಗಳನ್ನು ಅವನ ಕೈಗೆ ಕೊಟ್ಟೆ. ನಿನ್ನೆಯೇ ತೆಗೆದುಕೊಳ್ಳಬಹುದಿತ್ತು, ನಾನು ಬೇಡ ಎಂದೆ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ.

"ಮಾಲೂಮ್ ಹೈ, ಮಾಜೀ" ಎಂದ. ಬಾಬೂಜಿ, ಅಂದರೆ ನಮ್ಮವರು, ಹಾಗೆ ಪಾನಾ ತೆಗೆದುಕೊಂಡು ಹೋದ ದಿನ ತಾನೂ ಹಬ್ಬಕ್ಕೆ ಬಂದು ಇದೇ ಅಂಗಳದಲ್ಲಿದ್ದೆ, ನೋಡಿದ್ದೆ ಎಂದ. ಗೊತ್ತಿದ್ದೇ ಕೈ ಹಿಂದಕ್ಕೆ ತೆಗೆದುಕೊಂಡಿದ್ದ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಅವನು ಕೆಲಸಕ್ಕೆ ಕೂತ. ನಾನು ಟಾರ್ಚು ಹಿಡಿದೆ. ಕೊಳವೆ ಬಿಚ್ಚಿದಂತೆ ಕಾಳುಗಳು ಉದುರಿದವು. ಅವನು ತೋರಿಸಿದ ಕಡೆಯಲ್ಲೆಲ್ಲ ಬೆರಳು ತೂರಿಸಿ, ಅಕ್ಕಿ ಆರಿಸುವವಳಂತೆ ಹುಡುಕಿ ತೆಗೆದೆ. ಎಂಜಿನ್ನಿನವರೆಗೆ ಯಾವುದೂ ಹೋಗಿರಲಿಲ್ಲ. ಟರ್ಬೊ ಮಾತ್ರ ಹಾಳಾಗಿತ್ತು. ಇನ್ನೊಂದು ಬೇಕು, ಮಾಯಾಪುರಿಯಲ್ಲೇ ಸಿಗಬೇಕು. ದಸರಾ ರಜೆ, ಆದರೆ ಗುಜರಿಯವನು ಅಂಗಡಿಯ ಹಿಂದೆಯೇ ವಾಸ, ಎಬ್ಬಿಸಿದರಾಯಿತು ಎಂದ. ಹಳೆಯದನ್ನು ಒಯ್ದು ಪಕ್ಕದಲ್ಲಿಟ್ಟು ಹೋಲಿಸಿ ತರಬೇಕು. ಅವನು ಗ್ಯಾರೇಜಿಗೆ ಹೋಗುವ ಸ್ಕೂಟರಿನಲ್ಲಿ ಅದನ್ನು ಹಿಡಿದುಕೊಳ್ಳಲು ಒಬ್ಬರು ಬೇಕು.

ಸದ್ದಿಗೆ ಎದ್ದು ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು. "ಟ್ರಕ್ಕಿನವನಿಗೆ ಫೋನ್ ಮಾಡಿ ಸ್ವಲ್ಪ ತಡೆಯೋದಕ್ಕೆ ಹೇಳು" ಎಂದು ಅವಳಿಗೆ ಹೇಳಿ, ಟರ್ಬೊವನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಸ್ಕೂಟರಿನ ಹಿಂದೆ ಹತ್ತಿ ಕೂತೆ. ಹಿಂದಿನ ದಿನದ ಸೀರೆ, ಸೆರಗಿನ ತುಂಬ ಕುಂಕುಮ. ಚೀಲದ ಎಣ್ಣೆ ತೊಡೆಗೆ ಇಳಿಯುತ್ತಿತ್ತು. ಎಲ್ಲಿ ಹಿಡಿದುಕೊಳ್ಳಲಿ ಎಂದು ಅವನನ್ನೇ ಕೇಳಿದೆ. ಭುಜ ತೋರಿಸಿದ. ಹಿಡಿದುಕೊಂಡು, ಟ್ರಕ್ಕು ತಪ್ಪಬಾರದು, ಜೋರಾಗಿ ನಡಿ ಎಂದೆ.